ಸ್ಟ್ಯಾಂಡರ್ಡ್ ಹೆರಾಲ್ಡ್: ಹನ್ನೆರಡು ವರ್ಷ ಇಟ್ಕೊಂಡವನ ರಿವ್ಯೂ, ತಗೊಳ್ಳೋಕೆ ಮುಂಚೆ ಓದ್ಕೊಳ್ಳಿ

ಮೊನ್ನೆ ಪೆಟ್ರೋಲ್ ಬಂಕಲ್ಲಿ ನನ್ನ ಹಳೇ ಹೆರಾಲ್ಡ್ ಕಾರು ನೋಡಿ ಒಬ್ರು ಹತ್ರ ಬಂದು, ಸಾರ್ ನಾನೂ ಇಂಥದೇ ಒಂದು ಹೆರಾಲ್ಡ್ ನೋಡಿದೀನಿ, ತಗೊಳ್ಳೋಣ ಅಂತ, ಹೇಗಿದೆ ಗಾಡಿ ಅಂದ್ರು. ಹಿಂದೆ ಆಟೋದವನು ಹಾರ್ನ್ ಮೇಲೆ ಹಾರ್ನ್, ನಾನು "ಚೆನ್ನಾಗಿದೆ, ತಗೊಳ್ಳಿ ಸಾರ್" ಅಂದು ಬಂದ್ಬಿಟ್ಟೆ. ಮನೆಗೆ ಬಂದ್ಮೇಲೆ ಪಾಪ ಅನ್ನಿಸ್ತು, ಆ ಮನುಷ್ಯನ್ನ ಸುಮ್ನೆ ಹಳ್ಳಕ್ಕೆ ತಳ್ಳಿದ್ನಲ್ಲಾ ಅಂತ. ಅವರಿಗೆ ಹೇಳ್ಬೇಕಾಗಿದ್ದನ್ನ ಇಲ್ಲಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

ಮೊದಲು ನನ್ನ ಗಾಡಿ ಬಗ್ಗೆ. ಮಾರ್ಕ್ 3, ನಾಲ್ಕು ಬಾಗಿಲಿಂದು, 948 ಸಿಸಿ, ಎಂವೈ ಇಂದ ಶುರುವಾಗೋ ಹಳೇ ಮೈಸೂರು ರಾಜ್ಯದ ನಂಬರ್. 2013ರಲ್ಲಿ ಮೈಸೂರಲ್ಲೇ ಒಂದು ಹಳೇ ಮನೆ ಶೆಡ್ಡಲ್ಲಿ ಸಿಕ್ತು, ಹನ್ನೊಂದು ವರ್ಷ ಕೋಳಿಗಳ ಜೊತೆ ಸಂಸಾರ ಮಾಡ್ಕೊಂಡಿತ್ತು. ಕೊಟ್ಟಿದ್ದು 1.4 ಲಕ್ಷ. ಆಮೇಲೆ ಹಾಕಿದ್ದು ಎಷ್ಟು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದೀನಿ, ಆ ನೋಟ್‌ಬುಕ್ ಎಲ್ಲಿದೆ ಅಂತ ನನ್ನ ಹೆಂಡ್ತಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ.

ಯಾಕೆ ತಗೊಂಡೆ? ನಮ್ಮ ಸೋದರಮಾವ ಕೊಪ್ಪದಲ್ಲಿ ಡಾಕ್ಟ್ರಾಗಿದ್ರು, ಅವರ ಹತ್ರ ತಿಳಿ ನೀಲಿ ಬಣ್ಣದ ಒಂದು ಹೆರಾಲ್ಡ್ ಇತ್ತು, ಅದಕ್ಕೇ. ಬೇಸಿಗೆ ರಜಕ್ಕೆ ಹೋದಾಗ ನಾವು ಮಕ್ಕಳೇ ಐದು ಜನ, ಜೊತೆಗೆ ಮಾವ, ಅತ್ತೆ, ಅಜ್ಜಿ, ಡಿಕ್ಕೀಲಿ ಎರಡು ಹಲಸಿನಹಣ್ಣು, ಇಷ್ಟೂ ತುಂಬ್ಕೊಂಡು ಶೃಂಗೇರಿಗೆ ಹೋಗ್ತಿತ್ತು ಆ ಗಾಡಿ. ಜನ ಹತ್ತಿದ ಹಾಗೆಲ್ಲ ಹಿಂದಿನ ಎರಡು ಚಕ್ರ ಕೆಳಗಡೆ ಅಗಲ ಆಗ್ತಾ ಆಗ್ತಾ, ಕಾಲು ಕಿಸ್ಕೊಂಡು ನಿಂತಿರೋ ಎಮ್ಮೆ ಥರ ಕಾಣೋದು. ತಿಂಗಳಿಗೊಂದು ಭಾನುವಾರ ಮಾವ ಹಳೇ ಲುಂಗಿ ಉಟ್ಕೊಂಡು, ಕೈಯಲ್ಲೊಂದು ಪಂಪ್ ಹಿಡ್ಕೊಂಡು ಮುಂದಿನ ಚಕ್ರದ ಪಕ್ಕ ಕೂರೋರು. ಏನ್ ಮಾಮ ಮಾಡ್ತಿದೀರಿ ಅಂದ್ರೆ "ಮಂಡಿಗೆ ಎಣ್ಣೆ ಹಾಕ್ತಿದೀನಿ ಕಣೋ, ವಯಸ್ಸಾಗಿದೆ ಇದಕ್ಕೆ" ಅನ್ನೋರು. ಮಾವಂದು ಏನೋ ತಮಾಷೆ ಅನ್ಕೊಂಡಿದ್ದೆ. ಈ ಮಂಡಿ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಇದರ ಹುಟ್ಟಿನ ಕಥೇನೇ ಮಜಾ. ಇಂಗ್ಲೆಂಡಿನ ಕವೆಂಟ್ರೀಲಿ ಸ್ಟ್ಯಾಂಡರ್ಡ್-ಟ್ರಯಂಫ್ ಅಂತ ಕಂಪನಿ, ಅವರಿಗೆ ಬಾಡಿ ಮಾಡಿಕೊಡ್ತಿದ್ದದ್ದು ಫಿಶರ್ ಅಂಡ್ ಲಡ್ಲೋ ಅನ್ನೋರು. 1953ರಲ್ಲಿ ಆ ಬಾಡಿ ಕಂಪನೀನ ಎದುರಾಳಿ ಕಾರು ಕಂಪನಿ ಬಿಎಂಸಿಯೋರು ಕೊಂಡ್ಕೊಂಡುಬಿಟ್ರು. ಮುಂದಿನ ಕಾರಿಗೆ ಬಾಡಿ ಮಾಡಿಕೊಡೋರೇ ಇಲ್ಲ. ಆಗ ಬೇರೆಯೋರೆಲ್ಲ ಚಾಸಿ, ಅಂದ್ರೆ ಕೆಳಗಿನ ಉಕ್ಕಿನ ಚೌಕಟ್ಟು, ಬಿಟ್ಟು ಇಡೀ ಬಾಡೀನೇ ಒಂದೇ ತುಂಡಾಗಿ ಮಾಡೋಕೆ ಹೊರಟಿದ್ರು, ಇವರದೇ ಸ್ಟ್ಯಾಂಡರ್ಡ್ 8, 10 ಕೂಡ ಹಾಗೇ ಇತ್ತು. ಆದ್ರೆ ಹೆರಾಲ್ಡ್‌ಗೆ ಬಂದಾಗ ಬೇರೆ ದಾರಿ ಇಲ್ದೆ ವಾಪಸ್ ಹಳೇ ಕಾಲದ ಥರ ಕೆಳಗೊಂದು ಚಾಸಿ ಇಟ್ಟು, ಮೇಲೆ ಬಾಡೀನ ಬಿಡಿ ಬಿಡಿ ತುಂಡು ಮಾಡಿ, ಅಲ್ಲೊಂದು ಫ್ಯಾಕ್ಟರೀಲಿ ಇಲ್ಲೊಂದು ಫ್ಯಾಕ್ಟರೀಲಿ ಒತ್ತಿಸಿ ತಂದು ನಟ್ಟು ಬೋಲ್ಟು ಹಾಕಿ ಜೋಡಿಸಿದ್ರು. ಟೂರಿನ್‌ನ ಜೊವಾನಿ ಮಿಕೆಲೊಟ್ಟಿ ಅನ್ನೋ ಡಿಸೈನರ್ ಕೈಲಿ ಅದಕ್ಕೊಂದು ಚೂಪು ಚೂಪು ಅಂಚಿನ ರೂಪ ಬಂತು. 1959ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ಬಿಡುಗಡೆ, ಅಲ್ಲಿ ಸ್ಟೇಜ್ ಮೇಲೇನೇ ನಾಲ್ಕೈದು ನಿಮಿಷದೊಳಗೆ ತುಂಡುಗಳನ್ನ ಜೋಡಿಸಿ ಕಾರು ಮಾಡಿ ತೋರಿಸಿದ್ರಂತೆ. ಕಷ್ಟಕ್ಕೆ ಮಾಡ್ಕೊಂಡಿದ್ದನ್ನೇ ಕಲೆ ಅಂತ ತೋರಿಸೋದು ಅಂದ್ರೆ ಇದು. ಅಂದಹಾಗೆ ಹೆರಾಲ್ಡ್ ಅನ್ನೋದು ಕಂಪನಿಯ ಮುಖ್ಯಸ್ಥ ಆಲಿಕ್ ಡಿಕ್ ಇಟ್ಕೊಂಡಿದ್ದ ದೋಣಿ ಹೆಸರು. ನಮ್ಮ ಬೀದೀಲಿ ಮಳೆ ನೀರು ನಿಂತಾಗೆಲ್ಲ ಇದು ನೆನಪಾಗುತ್ತೆ.

ನಮ್ಮಲ್ಲಿ ಮದ್ರಾಸಿನ ವಂಡಲೂರಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನೋರು 1961ರಿಂದ ಮಾಡಿದ್ರು. ಅಲ್ಲಿ ಅದು ಟ್ರಯಂಫ್, ಇಲ್ಲಿ ಸ್ಟ್ಯಾಂಡರ್ಡ್. ಇಂಗ್ಲೆಂಡಲ್ಲಿ 1963ಕ್ಕೇ ಸ್ಟ್ಯಾಂಡರ್ಡ್ ಅನ್ನೋ ಹೆಸರಿನ ಕಾರು ನಿಂತೋಯ್ತು, ನಮ್ಮ ಮದ್ರಾಸಲ್ಲಿ ಆ ಹೆಸರು ಇನ್ನೂ ಇಪ್ಪತ್ತು ವರ್ಷಕ್ಕೆ ಮೇಲೆ ಉಸಿರಾಡ್ತು. ಅಂಬಾಸಿಡರ್, ಫಿಯಟ್, ಹೆರಾಲ್ಡ್, ಮಧ್ಯಮ ವರ್ಗದವರಿಗೆ ಇದ್ದದ್ದು ಈ ಮೂರೇ. ಅಲ್ಲಿಯವರು ಇಂಜಿನ್ ದೊಡ್ಡದು ಮಾಡ್ಕೊಂಡು ಹೋದ್ರು, ನಮ್ಮವರು 948ನ್ನೇ ಕೊನೇವರೆಗೆ ಇಟ್ಕೊಂಡ್ರು. ಆದ್ರೆ ಎರಡು ಬಾಗಿಲ ಕಾರು ನಮ್ಮ ಸಂಸಾರಕ್ಕೆ ಆಗಲ್ಲ ಅಂತ 60ರ ದಶಕದ ಕೊನೆಗೆ ನಾಲ್ಕು ಬಾಗಿಲು ಮಾಡಿದ್ದು ನಮ್ಮವರೇ, ಇದು ಇಂಗ್ಲೆಂಡಲ್ಲೂ ಇರಲಿಲ್ಲ. ಸೀರೆ ಉಟ್ಕೊಂಡ ಅಜ್ಜಿ ಮುಂದಿನ ಸೀಟು ಮಡಚಿ ಹಿಂದೆ ನುಗ್ಗೋದನ್ನ ಊಹಿಸ್ಕೊಳ್ಳಿ, ಆ ನಿರ್ಧಾರ ಯಾಕೆ ಅಂತ ಗೊತ್ತಾಗುತ್ತೆ.

ಸರಿ, ರಿವ್ಯೂಗೆ ಬರ್ತೀನಿ. ಈ ಕಾರಿಗೆ ನೂರಕ್ಕೆ ನೂರು ಕೊಡ್ಬಹುದಾದ ಎರಡು ವಿಷಯ ಇದೆ, ಒಂದು ಬಾನೆಟ್ಟು. ಮುಂದಿನ ಚಕ್ರದ ಹಿಂಭಾಗ ಎರಡೂ ಪಕ್ಕ ಒಂದೊಂದು ಕ್ರೋಮ್ ಹಿಡಿಕೆ, ಅದನ್ನ ಬಿಚ್ಚಿ ಗಾಜಿನ ಕಡೆಯಿಂದ ಎತ್ತಿದ್ರೆ ಬರೀ ಮುಚ್ಚಳ ಮೇಲೇಳೋದಲ್ಲ, ಮಡ್‌ಗಾರ್ಡು ಹೆಡ್‌ಲೈಟು ಎಲ್ಲ ಸೇರಿ ಕಾರಿನ ಇಡೀ ಮೂತೀನೇ ಮುಂದಕ್ಕೆ ಬಗ್ಗುತ್ತೆ. ಕೆಳಗೆ ಇಂಜಿನ್ನು, ಸ್ಟೀರಿಂಗು, ಸಸ್ಪೆನ್ಷನ್ನು, ರೇಡಿಯೇಟರು, ಎಲ್ಲ ಬಯಲು. ಮುಂದಿನ ಟೈರ್ ಮೇಲೆ ಆರಾಮಾಗಿ ಕೂತ್ಕೊಂಡು ಕಾಫಿ ಲೋಟ ಪಕ್ಕದಲ್ಲಿಟ್ಟು ಇಂಜಿನ್ನಿಗೆ ಕಿಡಿ ಕೊಡೋ ಪಾಯಿಂಟ್ ಸೆಟ್ ಮಾಡ್ಬಹುದು. ನಾನು ಪಿಯು ಕಾಲೇಜಲ್ಲಿ ಫಿಸಿಕ್ಸ್ ಮೇಷ್ಟ್ರು, ವರ್ಷಕ್ಕೊಂದ್ಸಲ ಈ ಗಾಡಿ ಕಾಲೇಜಿಗೆ ತಗೊಂಡು ಹೋಗಿ ಮೂತಿ ಎತ್ತಿ ನಿಲ್ಲಿಸ್ತೀನಿ, ಇದು ಕಾರ್ಬೊರೇಟರ್ರು, ಇಲ್ಲಿ ಪೆಟ್ರೋಲು ಗಾಳಿ ಸೇರುತ್ತೆ, ಇದು ಡಿಸ್ಟ್ರಿಬ್ಯೂಟರ್ರು ಅಂತ ಬೆರಳಿಟ್ಟು ತೋರಿಸ್ತೀನಿ. ಪೆಟ್ರೋಲ್ ಪಂಪಿಗೆ ಒಂದು ಗಾಜಿನ ಬಟ್ಟಲಿದೆ, ಅದರಲ್ಲಿ ಕಸ ಕೂತಿದ್ರೂ ಕಣ್ಣಿಗೆ ಕಾಣುತ್ತೆ, ಪಕ್ಕದಲ್ಲಿ ಒಂದು ಪುಟ್ಟ ಲಿವರ್, ಗಾಡಿ ತುಂಬ ದಿನ ನಿಂತಿದ್ರೆ ಅದನ್ನ ಬೆರಳಲ್ಲಿ ಟುಕುಟುಕು ಅಂತ ಒತ್ತಿ ಪೆಟ್ರೋಲ್ ಮೇಲೆ ತರ್ಬೇಕು, ಹುಡುಗರು ಸರದಿ ಹಾಕ್ಕೊಂಡು ಒತ್ತುತಾರೆ. ನನ್ನ ಇನ್ನೊಂದು ಕಾರಿನ ಬಾನೆಟ್ ತೆಗೆದ್ರೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಮುಚ್ಚಳ, ಅದರ ಮೇಲೆ ಕಂಪನಿ ಹೆಸರು, ಮುಗೀತು ಪಾಠ.

ಎರಡನೇದು ತಿರುವು. ಈ ಗಾಡಿ 25 ಅಡಿ ವೃತ್ತದಲ್ಲಿ ಪೂರ್ತಿ ತಿರುಗುತ್ತೆ, ಅಂದ್ರೆ ಸುಮಾರು 7.6 ಮೀಟರು. ಲಂಡನ್ ಟ್ಯಾಕ್ಸಿಗೆ ಇರೋ ಅಳತೆ ಅದು. ನಮ್ಮ ಪುಟಾಣಿ ಮಾರುತಿ 800ಕ್ಕೂ ಇದಕ್ಕಿಂತ ಒಂದು ಮೀಟರ್ ಮೇಲೆ ಜಾಗ ಬೇಕು. ಮುಂದಿನ ಚಕ್ರ ಎಷ್ಟು ಓರೆ ಆಗುತ್ತೆ ಅಂದ್ರೆ ಹೊರಗೆ ನಿಂತು ನೋಡಿದೋರಿಗೆ ಏನೋ ಮುರಿದೋಗಿದೆ ಅನ್ಸುತ್ತೆ. ಕೊಪ್ಪದ ಕಡೆ ತೋಟದ ದಾರಿ, ಒಂದು ಕಡೆ ಧರೆ ಒಂದು ಕಡೆ ಅಡಿಕೆ ತೋಟ, ಅಂಥ ಕಡೆ ರಾತ್ರಿ ಹೆರಿಗೆ ನೋವು ಅಂತ ಕರೆದ್ರೆ ಮಾವ ಹೋಗಿ, ಅಂಗಳದಲ್ಲೇ ಒಂದೇ ಸುತ್ತಿಗೆ ತಿರುಗಿಸ್ಕೊಂಡು ಬರೋರಂತೆ. ಮಲೆನಾಡಿನ ಡಾಕ್ಟ್ರು ಅಂಬಾಸಿಡರ್ ಬಿಟ್ಟು ಇದನ್ನ ಯಾಕೆ ಇಟ್ಕೊಂಡ್ರು ಅಂತ ನನಗೆ ಅರ್ಥ ಆಗಿದ್ದು, ನಮ್ಮ ಅಗ್ರಹಾರದ ಗಲ್ಲೀಲಿ ನಾನೇ ತಿರುಗಿಸಿದ ದಿನ.

ಇನ್ನು ಓಡ್ಸೋದು. ಮೂವತ್ತೈದು ಹಾರ್ಸ್‌ಪವರ್ರು ಸಾರ್, ಅದೂ ಹೊಸದಿದ್ದಾಗ, ಈಗ ಅದರಲ್ಲಿ ಎಷ್ಟು ಕುದುರೆ ಬದುಕಿದೆ ಗೊತ್ತಿಲ್ಲ. ಫಸ್ಟ್ ಗೇರ್‌ಗೆ ಸಿಂಕ್ರೋ, ಅಂದ್ರೆ ಓಡ್ತಿರೋವಾಗ ಗೇರ್ ಸದ್ದಿಲ್ದೆ ಕೂರಿಸೋ ವ್ಯವಸ್ಥೆ, ಇಲ್ಲ, ಗಾಡಿ ಪೂರ್ತಿ ನಿಂತಮೇಲೇ ಹಾಕ್ಬೇಕು, ಇಲ್ಲಾಂದ್ರೆ ಕರ್ರ್ ಅಂತ ಬೈಸ್ಕೋಬೇಕು. ನಾಲ್ಕೂ ಕಡೆ ಡ್ರಮ್ ಬ್ರೇಕು, ಅಂದ್ರೆ ಬ್ರೇಕ್ ಒತ್ತೋ ನಿರ್ಧಾರ ಸ್ವಲ್ಪ ಮುಂಚೇನೇ ಮಾಡ್ಕೋಬೇಕು. ನಾನು 60ರ ಮೇಲೆ ಹೋಗಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ ಒಂದ್ಸಲ ಹೋದೆ, ಲಾರಿಯೋರು ಕೂಡ ಹಿಂದಿನಿಂದ ಲೈಟ್ ಹೊಡೆದು ಕರುಣೆಯಿಂದ ನೋಡ್ಕೊಂಡು ಹೋದ್ರು, ಅವತ್ತಿಂದ ಸರ್ವಿಸ್ ರೋಡೇ ಗತಿ, ಮದ್ದೂರಲ್ಲಿ ವಡೆ ತಿನ್ನೋಕೂ ಅದೇ ಅನುಕೂಲ.

ಹಿಂದಿನ ಆಕ್ಸಲ್ ಬಗ್ಗೆ ಮಾತ್ರ ಕಿವಿಗೊಟ್ಟು ಕೇಳಿ. ಇದರದ್ದು ಸ್ವಿಂಗ್ ಆಕ್ಸಲ್, ಅಡ್ಡಕ್ಕೆ ಒಂದೇ ಒಂದು ಲೀಫ್ ಸ್ಪ್ರಿಂಗು, ಎರಡೂ ಚಕ್ರ ಬೇರೆ ಬೇರೆ, ಹಕ್ಕಿ ರೆಕ್ಕೆ ಥರ ಮೇಲೆ ಕೆಳಗೆ ಆಡುತ್ತೆ. ಗುಂಡಿ ರಸ್ತೇಲಿ ಆಗಿನ ಕಾಲಕ್ಕೆ ಇದು ರಾಜಯೋಗ. ಆದ್ರೆ ತಿರುವಲ್ಲಿ ಜೋರಾಗಿ ಹೋಗ್ತಾ ಹೆದರಿಕೊಂಡು ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೋ, ಗಾಡಿ ಹಿಂಭಾಗ ಮೇಲೇಳುತ್ತೆ, ಹೊರಗಡೆ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ, ಬಾಲ ಹೊರಕ್ಕೆ ಹಾರುತ್ತೆ. ಅದಕ್ಕೇ ಘಾಟಿ ಇಳಿಯೋವಾಗ ತಿರುವಿಗೆ ಮುಂಚೆ ನಿಧಾನ ಮಾಡ್ಕೊಳ್ಳಿ, ಒಳಗೆ ಹೋದ್ಮೇಲೆ ಕಾಲು ಹಾಗೇ ಇಟ್ಟಿರಿ. ಚಾರ್ಮಾಡೀಲಿ ಮಳೆಗಾಲದಲ್ಲಿ ನಾನು ಇಳಿಸಿದೀನಿ, ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಮಂಜಲ್ಲಿ ಇಳಿಯೋಕೆ ಶುರು ಮಾಡಿದ್ದು, ಕೆಳಗೆ ಹೋಗೋವರೆಗೆ ಹೆಂಡ್ತಿ ಒಂದು ಮಾತಾಡಲಿಲ್ಲ, ಹನುಮಾನ್ ಚಾಲೀಸ ಮಾತ್ರ ಕೇಳಿಸ್ತಿತ್ತು. ನಮ್ಮ ಜನಕ್ಕೂ ಮೆಕ್ಯಾನಿಕ್‌ಗಳಿಗೂ ಈ ಆಕ್ಸಲ್ ಒಗ್ಗಲಿಲ್ಲ, 70ರ ದಶಕದಲ್ಲಿ ಇದೇ ಗಾಡೀನ ತಿದ್ದಿ ಗೆಜಲ್ ಅಂತ ಬಿಟ್ಟಾಗ ಸ್ವಿಂಗ್ ಆಕ್ಸಲ್ ತೆಗೆದು ಮಾಮೂಲಿ ಗಟ್ಟಿ ಆಕ್ಸಲ್ ಹಾಕಿದ್ರು. ಗೆಜಲ್ 1977ರವರೆಗೆ ಬಂತು, ಕಡಿಮೆ ಸಂಖ್ಯೇಲಿ. ನಿಮಗೇನಾದ್ರೂ ಒಳ್ಳೇ ಗೆಜಲ್ ಸಿಕ್ರೆ, ಓಡ್ಸೋಕೆ ಅಂತಾದ್ರೆ ಅದನ್ನೇ ತಗೊಳ್ಳಿ, ನೋಡೋಕೆ ಅಂತಾದ್ರೆ ಹೆರಾಲ್ಡು.

ಈಗ ಮಂಡಿ ವಿಷಯ. ಮುಂದಿನ ಚಕ್ರ ತಿರುಗೋ ಕಡೆ ಕೆಳಗೊಂದು ಹಿತ್ತಾಳೆ ಥರದ ಗಟ್ಟಿ, ಟ್ರುನಿಯನ್ ಅಂತಾರೆ, ಚಕ್ರ ಹಿಡಿದಿರೋ ಉಕ್ಕಿನ ಕಂಬ ಅದರೊಳಗೆ ಸ್ಕ್ರೂ ಥರ ಮರೆ (ಥ್ರೆಡ್ಡು) ತಿರುಗಿ ಕೂತಿರುತ್ತೆ, ನೀವು ಸ್ಟೀರಿಂಗ್ ತಿರುಗಿಸಿದ ಹಾಗೆಲ್ಲ ಅದು ಆ ಮರೆಯಲ್ಲಿ ತಿರುಗುತ್ತೆ. ಇದಕ್ಕೆ ಹಾಕ್ಬೇಕಾದ್ದು ಗ್ರೀಸ್ ಅಲ್ಲ, ಗೇರ್ ಆಯಿಲ್, ಇಪಿ 90. ಕೆಳಗಿನ ಸಣ್ಣ ಬೋಲ್ಟ್ ಬಿಚ್ಚಿ, ಪಂಪಲ್ಲಿ ಎಣ್ಣೆ ತುಂಬಿ, ಮೇಲಿಂದ ಒಸರೋವರೆಗೆ ಒತ್ತಬೇಕು. ಎಣ್ಣೆ ಇಲ್ದೆ ಬಿಟ್ರೆ ಒಳಗೆ ತುಕ್ಕು ಹಿಡಿದು, ಬಿಗಿದು, ಒಂದಿನ ಕಂಬ ಮುರಿಯುತ್ತೆ, ಚಕ್ರ ಮಲಗುತ್ತೆ. ದೇವರ ದಯೆ ಅಂದ್ರೆ ಸಾಮಾನ್ಯವಾಗಿ ಮುರಿಯೋದು ನಿಧಾನಕ್ಕೆ ಪೂರ್ತಿ ತಿರುಗಿಸೋವಾಗ.

ನಂದೂ ಹಾಗೇ ಆಯ್ತು. ಗಾಡಿ ತಂದ ಎರಡನೇ ವರ್ಷ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ, ಹುಡುಗ ಒಳ್ಳೆಯವನೇ, ಗ್ರೀಸ್ ಗನ್ ತಗೊಂಡು ಎಲ್ಲೆಲ್ಲಿ ಸಂದಿ ಕಂಡ್ತೋ ಅಲ್ಲೆಲ್ಲ ಗ್ರೀಸ್ ತುಂಬಿ "ಫಸ್ಟ್ ಕ್ಲಾಸ್ ಆಗಿದೆ ಸಾರ್" ಅಂದ. ನಾನೂ ಕೇಳಲಿಲ್ಲ, ಮಾವನ ಮಂಡಿ ಎಣ್ಣೆ ನೆನಪೂ ಆಗಲಿಲ್ಲ. ಅದಾಗಿ ಒಂದೂವರೆ ವರ್ಷಕ್ಕೆ ಚಿಕ್ಕಪ್ಪನ ಮಗನ ಮದುವೆ, ಮದುಮಗನ್ನ ಹೆರಾಲ್ಡಲ್ಲೇ ಕರ್ಕೊಂಡು ಹೋಗೋದು ಅಂತ ಎಲ್ಲರದ್ದೂ ಆಸೆ, ಸೇವಂತಿಗೆ ಹಾರ ಎಲ್ಲ ಕಟ್ಟಿ ರೆಡಿ. ಛತ್ರದ ಗೇಟ್ ಕಿರಿದು, ನಾನು ಜಂಬದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದೇ ಸಲಕ್ಕೆ ಒಳಗೆ ಹಾಕೋಣ ಅಂತ ಹೋದೆ. ಟಕ್ ಅಂತ ಒಂದು ಸದ್ದು. ಮೂತಿ ಎಡಗಡೆ ಕುಸೀತು. ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದ ಹೆಂಗಸರ ಮುಂದೆ ಗಾಡಿ ಮಂಡಿ ಊರಿ ನಮಸ್ಕಾರ ಮಾಡ್ದಂಗೆ ನಿಂತ್ಬಿಡ್ತು. ಮದುಮಗ ಇಳಿದು ನಡ್ಕೊಂಡು ಹೋದ, ನಾದಸ್ವರದೋರು ಮಾತ್ರ ನಿಲ್ಲಿಸಲಿಲ್ಲ. ಚಿಕ್ಕಮ್ಮ ಇವತ್ತಿಗೂ ಅದನ್ನ ಅಪಶಕುನದ ಲೆಕ್ಕಕ್ಕೆ ಹಿಡೀತಾರೆ, ಆ ಜೋಡಿ ಚೆನ್ನಾಗೇ ಇದಾರೆ, ಎರಡು ಮಕ್ಕಳು.

ರಾತ್ರಿ ಮಾವಂಗೆ ಫೋನ್ ಮಾಡಿ ಹೇಳಿದೆ. ಎಂಬತ್ತೊಂದು ವಯಸ್ಸು ಆಗ. ಸ್ವಲ್ಪ ಹೊತ್ತು ಸುಮ್ನಿದ್ದು, "ಗ್ರೀಸ್ ಹಾಕಿದ್ರೇನೋ?" ಅಂದ್ರು. ಬೇರೆ ಏನೂ ಕೇಳಲಿಲ್ಲ.

ಪಾರ್ಟ್ಸ್ ವಿಷಯಕ್ಕೆ ಜನ ಹೆದರ್ತಾರೆ, ಅಷ್ಟೇನಿಲ್ಲ. ಇಂಗ್ಲೆಂಡಿನವರ ಹೆರಾಲ್ಡ್ ಒಟ್ಟು ಐದು ಲಕ್ಷಕ್ಕೂ ಮೇಲೆ ಹೋಗಿದೆ, ಇದೇ ಚಾಸೀನ ಚಿಕ್ಕದು ಮಾಡಿ, ತಿದ್ದಿ ಕಟ್ಟಿದ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರೂ ಬಂತು, ಮುಂದಿನ ಸಸ್ಪೆನ್ಷನ್ನಿನ ಈ ಕಂಬಾನ ಲೋಟಸ್‌ನೋರು ಕೂಡ ತಮ್ಮ ಕಾರುಗಳಿಗೆ ಹಾಕ್ಕೊಂಡಿದ್ರು. ಹಾಗಾಗಿ ಅಲ್ಲಿ ಹೊಸ ಟ್ರುನಿಯನ್ನೂ ಸಿಗುತ್ತೆ, ನನಗೆ ಬಂತು, ಕಸ್ಟಮ್ಸ್ ಡ್ಯೂಟಿ ನೋಡಿ ಎದೆ ಮಾತ್ರ ಬಡಿತು. ಸಣ್ಣ ಪುಟ್ಟದಕ್ಕೆ ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲಾಂದ್ರೆ ಚೆನ್ನೈನ ಪುದುಪೇಟೆ. ನಾಲ್ಕು ಬಾಗಿಲಿನ ಬಾಗಿಲು, ಅದರ ರಬ್ಬರ್ ಬೀಡಿಂಗು, ಇವು ಮಾತ್ರ ಇಂಗ್ಲೆಂಡಲ್ಲೂ ಇಲ್ಲ, ಯಾಕಂದ್ರೆ ಅಲ್ಲಿ ಅಂಥ ಗಾಡೀನೇ ಇರಲಿಲ್ಲ. ತಗೊಳ್ಳೋವಾಗ ಇಂಜಿನ್ ಕೆಟ್ಟಿದ್ರೂ ಪರವಾಗಿಲ್ಲ, ಹಿಂದಿನ ಬಾಗಿಲು, ಚಾಸಿ ಕೊನೆ, ಬಾಗಿಲ ಕೆಳಗಿನ ಪಟ್ಟಿ ನೋಡಿ, ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ, ಮಾರೋರು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ. ನಾನು ಬೀಡಿಂಗ್ ಹಾಕಿಸ್ದೇ ಎರಡು ಮಳೆಗಾಲ ಸೋಮಾರಿತನ ಮಾಡಿದ್ದಕ್ಕೆ ಒಳಗೆ ಕೊಡೆ ಹಿಡ್ಕೊಂಡು ಕೂತಿದ್ದೂ ಇದೆ.

ಪೆಟ್ರೋಲು: ಎಥೆನಾಲ್ ಬೆರೆಸಿದ ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ತಡೆಯಲ್ಲ, ಊದಿಕೊಂಡು ಬಿರುಕು ಬಿಡುತ್ತೆ, ಎಲ್ಲ ಪೈಪೂ ಹೊಸ ಥರದ್ದು ಹಾಕಿಸ್ಕೊಳ್ಳಿ, ಇದು ಬೆಂಕಿ ವಿಷಯ, ಜಿಪುಣತನ ಬೇಡ. ಮೈಲೇಜು ನಂಗೆ ಹನ್ನೆರಡು ಬರ್ತಿದೆ.

ಕಾಗದಪತ್ರ: 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ರೂಲ್ಸ್ ತಂತು, 50 ವರ್ಷ ದಾಟಿರ್ಬೇಕು, ಮೂಲ ರೂಪ ಕೆಡಿಸಿರ್ಬಾರ್ದು, ಹೊಸದಾಗಿ ಮಾಡಿಸೋಕೆ 20,000 ರೂಪಾಯಿ, ಹತ್ತು ವರ್ಷಕ್ಕೆ, ಆಮೇಲೆ ಮತ್ತೆ 5,000. ಹಳೇ ನಂಬರ್ ಇದ್ರೆ ಅದನ್ನೇ ಉಳಿಸ್ಕೋಬಹುದು. ಆದ್ರೆ ಹಾಗೆ ಮಾಡಿಸಿದ್ಮೇಲೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಇಂಥದಕ್ಕೆ ಮಾತ್ರ ರೋಡಿಗಿಳಿಸ್ಬೇಕು, ತರಕಾರಿ ತರೋಕೆ ಅಲ್ಲ. ನಾನು ತರಕಾರಿ ತರೋನು, ಅದಕ್ಕೇ ಐದು ವರ್ಷಕ್ಕೊಂದ್ಸಲ ಎಫ್‌ಸಿ, ಗ್ರೀನ್ ಟ್ಯಾಕ್ಸ್ ಕಟ್ಕೊಂಡು ಮಾಮೂಲಿ ದಾರೀಲೇ ಇದೀನಿ.

ಸಿಗ್ನಲ್ಲಲ್ಲಿ ನಿಂತ್ರೆ ಸಾಕು ಯಾರಾದ್ರೂ ಬೈಕ್ ನಿಲ್ಲಿಸಿ "ನಮ್ ತಾತನ ಹತ್ರಾನೂ ಇತ್ತು ಸಾರ್ ಇದು" ಅಂತಾರೆ. ಹಾಗೆ ಹೇಳಿದ ತಾತಂದಿರನ್ನೆಲ್ಲ ಲೆಕ್ಕ ಹಾಕಿದ್ರೆ ವಂಡಲೂರು ಫ್ಯಾಕ್ಟರಿ ಮಾರುತಿಯನ್ನೂ ಮೀರಿಸ್ಬೇಕಿತ್ತು. ವಿಚಾರಿಸಿದ್ರೆ ಹತ್ತಕ್ಕೆ ಏಳು ಜನರ ತಾತನ ಹತ್ರ ಇದ್ದದ್ದು ಫಿಯಟ್ಟು. ನಾನು ತಿದ್ದೋಕೆ ಹೋಗಲ್ಲ, ಅವರ ಮುಖ ಅಷ್ಟು ಖುಷಿಯಾಗಿರುತ್ತೆ.

ಹಾಗಾದ್ರೆ ತಗೋಬೇಕಾ? ಬಟನ್ ಒತ್ತಿದ್ರೆ ಸ್ಟಾರ್ಟ್ ಆಗ್ಬೇಕು, ಮದುವೆ ಫೋಟೋಗೆ ನಿಲ್ಬೇಕು, ಉಳಿದಿದ್ದು ಮೆಕ್ಯಾನಿಕ್ ನೋಡ್ಕೋತಾನೆ ಅನ್ನೋರು ಬೇಡ, ದಯವಿಟ್ಟು ಬೇಡ, ನನ್ನ ಛತ್ರದ ಕಥೆ ಇನ್ನೊಂದ್ಸಲ ಓದಿ. ಪಾನಾ ಹಿಡಿಯೋಕೆ ನಾಚಿಕೆ ಇಲ್ಲದೋರು, ಉಗುರಲ್ಲಿ ಕಪ್ಪು ಕೂತಿದ್ರೂ ಊಟ ಸೇರೋರು, ಮನೇಲಿ ಒಂದು ಮುಚ್ಚಿದ ಜಾಗ ಇರೋರು, ಕಣ್ಮುಚ್ಚಿ ತಗೊಳ್ಳಿ. ಬಾಡಿ ಮಾಡಿಕೊಡೋರು ಸಿಗ್ದೇ ತುಂಡು ತುಂಡಾಗಿ ಕಟ್ಟಿದ್ರಲ್ಲ, ಅದರ ಲಾಭ ಅರವತ್ತು ವರ್ಷ ಆದ್ಮೇಲೆ ನಮಗೆ, ಯಾವ ತುಂಡು ಬೇಕೋ ಅದನ್ನ ಮಾತ್ರ ಬಿಚ್ಚಬಹುದು, ಒಬ್ಬನೇ, ಮನೆ ಮುಂದೆ. ಸ್ಟಾರ್ ಕೊಡ್ಬೇಕಂದ್ರೆ ಬಾನೆಟ್ಟಿಗೆ ಐದು, ತಿರುವಿಗೆ ಐದು, ಬ್ರೇಕಿಗೆ ಎರಡು, ಮಳೆಗಾಲಕ್ಕೆ ಒಂದು, ಅದೂ ಪಾಪ ಅಂತ.

ಇನ್ನೊಂದು ಹೇಳೋದು ಮರೆತೆ. ಇದರ ಗೇರ್ ಬಾಕ್ಸ್ ಕೆಳಗಿಂದ ಇಳಿಸೋದಲ್ಲ, ಮುಂದಿನ ಸೀಟು ತೆಗೆದು, ಮಧ್ಯದ ರಟ್ಟಿನ ಥರದ ಕವರ್ ಬಿಚ್ಚಿ, ಕಾರಿನ ಒಳಗಿಂದಾನೇ ಎತ್ತಿ ಬಾಗಿಲಿಂದ ಹೊರಗೆ ತರ್ಬೇಕು, ಕುಂಬಳಕಾಯಿ ತರೋ ಹಾಗೆ. ಹೋದ ವಾರ ಸೆಕೆಂಡ್ ಗೇರ್ ಜಾರ್ತಿದೆ ಅಂತ ನಾನೂ ಪಕ್ಕದ ಮನೆ ಹುಡುಗಾನೂ ಸೇರಿ ತೆಗೆದ್ವಿ. ಈಗ ಅದು ನಮ್ಮ ಹಾಲಲ್ಲಿ, ಹಳೇ ನ್ಯೂಸ್‌ಪೇಪರ್ ಮೇಲೆ ಕೂತಿದೆ. ಗೌರಿ ಹಬ್ಬಕ್ಕೆ ಇನ್ನು ಒಂಬತ್ತು ದಿನ, ಆ ಜಾಗದಲ್ಲಿ ಮಂಟಪ ಬರ್ಬೇಕು ಅಂತ ಮನೆಯೋರು ಬೆಳಗ್ಗೆ ಕಾಫಿ ಕೊಡ್ತಾ ಒಂದೇ ಸಲ ಹೇಳಿದಾರೆ, ಎರಡನೇ ಸಲ ಹೇಳೋ ಥರ ಕಾಣ್ತಿಲ್ಲ.